ಸ್ಟ್ಯಾಂಡ್‌ಬೈ ಟಿಕೆಟ್ಟು, ಕಾರ್ಗೋ ಶಿಪ್ಪು: ಕಮ್ಮಿ ದುಡ್ಡಲ್ಲಿ ಫಾರಿನ್ ಹೋಗೋದು ನಿಜವಾಗ್ಲೂ ಆಗುತ್ತಾ?

ಕಾಫಿತೋಟದ_ಅಲೆಮಾರಿ
ಎಲ್ರಿಗೂ ನಮಸ್ಕಾರ. ಹಳೇ ಕಂಪನಿ ಬಿಟ್ಟಾಯ್ತು, ಹೊಸದಕ್ಕೆ ಸೇರೋಕೆ ಇನ್ನೂ ಒಂದೂವರೆ ತಿಂಗಳಿದೆ, ಕೈಲಿ ಎಪ್ಪತ್ತು ಸಾವಿರ ಇದೆ, ಮನೇಲಿ ಮದುವೆ ವಿಷ್ಯ ಇನ್ನೂ ಯಾರೂ ಎತ್ತಿಲ್ಲ. ಇಂಥಾ ಟೈಮು ಮತ್ತೆ ಸಿಗಲ್ಲ ಅಂತ ಎಲ್ಲಾದ್ರೂ ಸಮುದ್ರ ದಾಟಿ ಹೋಗಿಬರೋಣ ಅಂತಿದೀನಿ. ಯುರೋಪ್ ಆದ್ರೆ ಖುಷಿ, ಆಗ್ಲಿಲ್ಲ ಅಂದ್ರೆ ಎಲ್ಲಾದ್ರೂ ಸರಿ.

ಮೊನ್ನೆ ಯೂಟ್ಯೂಬಲ್ಲಿ ಒಬ್ಬ ಬಿಳಿಯ ಕಾರ್ಗೋ ಶಿಪ್ಪಲ್ಲಿ ಕೂತ್ಕೊಂಡು ಅಟ್ಲಾಂಟಿಕ್ ದಾಟಿದ್ದು ನೋಡಿದೆ, ಅವನಿಗೆ ಒಂದು ರೂಮು, ಮೂರ್ ಹೊತ್ತು ಊಟ, ಕ್ಯಾಪ್ಟನ್ ಪಕ್ಕ ನಿಂತ್ಕೊಂಡು ಫೋಟೋ ಬೇರೆ. ನನ್ನ ರೂಮ್‌ಮೇಟ್ ಹೇಳೋದೇ ಬೇರೆ, ಫ್ಲೈಟಲ್ಲಿ ಖಾಲಿ ಸೀಟಿದ್ರೆ ಸ್ಟ್ಯಾಂಡ್‌ಬೈ ಟಿಕೆಟ್ ನೂರಕ್ಕೆ ಹತ್ತು ಪರ್ಸೆಂಟಿಗೆ ಕೊಡ್ತಾರಂತೆ, ಅವನಿಗೆ ಗೊತ್ತಿರೋರೊಬ್ಬರು ಮಾಡಿಸಿಕೊಡ್ತಾರಂತೆ. ಎರಡರಲ್ಲಿ ಯಾವುದಾಗುತ್ತೆ? ಯಾರಾದ್ರೂ ಹೋಗಿದೀರಾ? ಮಂಗಳೂರು ಬಂದರಿಂದ್ಲೇ ಹಡಗು ಹತ್ತೋಕಾಗುತ್ತಾ?

ಮೈಸೂರು_ಮಸಾಲೆ
ಎಪ್ಪತ್ತು ಸಾವಿರಕ್ಕೆ ಯುರೋಪಾ. ಬಾಲಿಗೆ ಹೋಗು ಗುರು, ನಮ್ಮ ಜಯನಗರ ಪೂರ್ತಿ ಅಲ್ಲೇ ಇದೆ.

ಪಣಂಬೂರು_ಥರ್ಡ್_ಇಂಜಿನಿಯರ್
ಮಾರಾಯ್ರೇ, ಆ ವಿಡಿಯೋ ಯಾವ ವರ್ಷದ್ದು ಅಂತ ಮೊದಲು ನೋಡಿ. 2020ಕ್ಕಿಂತ ಮುಂಚಿನದ್ದಾದ್ರೆ ಕಥೆ ಅಂತ ನೋಡಿ ಬಿಟ್ಟುಬಿಡಿ.

ನಾನು ಹನ್ನೊಂದು ವರ್ಷದಿಂದ ಹಡಗಿನಲ್ಲಿದ್ದೇನೆ, ಹೆಚ್ಚಾಗಿ ಕಂಟೇನರ್ ಶಿಪ್ಪು. ಪ್ಯಾಸೆಂಜರ್ ಹಾಕ್ಕೊಂಡು ಹೋಗುವುದು ಇತ್ತು, ಸುಳ್ಳಲ್ಲ. ಯುರೋಪಿನ ಕೆಲವು ದೊಡ್ಡ ಕಂಪನಿಗಳೇ ಟಿಕೆಟ್ ಮಾರ್ತಿದ್ರು. ಆದ್ರೆ ಒಂದು ಹಡಗಿಗೆ ಹೆಚ್ಚಂದ್ರೆ ಹನ್ನೆರಡು ಜನ. ಹದಿಮೂರನೆಯವ ಹತ್ತಿದ್ರೆ ಸೋಲಾಸ್ ಅಂತ ಅಂತಾರಾಷ್ಟ್ರೀಯ ಒಪ್ಪಂದ ಉಂಟಲ್ಲ, ಅದರ ಲೆಕ್ಕದಲ್ಲಿ ಅದು ಪ್ಯಾಸೆಂಜರ್ ಶಿಪ್ ಆಗಿಬಿಡ್ತದೆ, ಲೈಫ್ ಬೋಟಿನಿಂದ ಹಿಡಿದು ಗೋಡೆಯವರೆಗೆ ಎಲ್ಲದಕ್ಕೂ ಬೇರೆ ರೂಲು. ಹೆಚ್ಚಿನ ಹಡಗಿನಲ್ಲಿ ಹನ್ನೆರಡು ಸಹ ಇಲ್ಲ, ಓನರ್ಸ್ ಕ್ಯಾಬಿನ್ ಅಂತ ಒಂದೋ ಎರಡೋ ಖಾಲಿ ಇರ್ತದೆ, ಅದನ್ನು ಕೊಡುವುದು.

ರೇಟು ಕೇಳಿದ್ರೆ ನಿಮ್ಮ ಆಸೆ ಅಲ್ಲಿಗೇ ಇಳೀತದೆ. ಆಗಲೇ ದಿನಕ್ಕೆ ನೂರು ಯೂರೋ ಮೇಲೆ. ಏಷ್ಯಾದಿಂದ ಯುರೋಪಿಗೆ ಮೂವತ್ತು ದಿನ ಅಂತ ಹಿಡೀರಿ, ಮೂರು ಸಾವಿರ ಯೂರೋ, ನಮ್ಮ ದುಡ್ಡಲ್ಲಿ ಮೂರು ಲಕ್ಷದ ಹತ್ತಿರ, ಅದೂ ಹೋಗ್ಲಿಕ್ಕೆ ಮಾತ್ರ, ಬರ್ಲಿಕ್ಕೆ ಅಲ್ಲ. ಅದರ ಮೇಲೆ ಇನ್ಶೂರೆನ್ಸು, ಡಾಕ್ಟರ್ ಸರ್ಟಿಫಿಕೇಟು, ವಯಸ್ಸಿನ ಮಿತಿ. ಕೋವಿಡ್ ಬಂದಾಗ ಎಲ್ಲರೂ ಪ್ಯಾಸೆಂಜರ್ ಬಂದ್ ಮಾಡಿದ್ರು. ಆಗ ನಮ್ಮನ್ನೇ ಇಳಿಸ್ಲಿಕ್ಕೆ ಯಾವ ದೇಶವೂ ತಯಾರಿರ್ಲಿಲ್ಲ, ನಾನು ಆರು ತಿಂಗಳ ಕಾಂಟ್ರಾಕ್ಟಿಗೆ ಹೋದವ ಹನ್ನೊಂದು ತಿಂಗಳು ಒಳಗೇ ಇದ್ದೆ, ಇನ್ನು ಪ್ಯಾಸೆಂಜರಿನ ಗತಿ ಎಂತ. ಆಮೇಲೆ ತುಂಬ ಕಂಪನಿಗಳು ತಿರುಗಿ ಶುರು ಮಾಡ್ಲೇ ಇಲ್ಲ.

ಮಂಗಳೂರಿಂದ ಕಾರ್ಗೋ ಹಡಗಿಗೆ ಪ್ಯಾಸೆಂಜರ್ ಟಿಕೆಟ್? ನಾನು ಹುಟ್ಟಿ ಬೆಳೆದದ್ದೇ ಪಣಂಬೂರು, ನನಗಂತೂ ಗೊತ್ತಿಲ್ಲ.

ಕಾಫಿತೋಟದ_ಅಲೆಮಾರಿ
ಮೂರು ಲಕ್ಷನಾ!! ನಾನು ಕಾರ್ಗೋ ಅಂದ್ರೆ ಲಾರಿ ಮೇಲೆ ಹತ್ಕೊಂಡು ಹೋದಂಗೆ ಅಂದ್ಕೊಂಡಿದ್ದೆ.

ಹುಬ್ಳಿ_ಗಿರ್ಮಿಟ್
ಅಲ್ರೀ ಇಂಜಿನಿಯರ್ ಸಾಹೇಬ್ರ, ಸಾಮಾನ ಹೊರೋ ಹಡಗಿನ್ಯಾಗ ಮನಷ್ಯಾಗ ಯಾಕ್ರೀ ಇಷ್ಟ ರೊಕ್ಕ? ಕಂಟೇನರ್ ಒಳಗ ಕೂಡಿಸಿದ್ರ ಎಷ್ಟ ಆಗ್ತದ?

ಪಣಂಬೂರು_ಥರ್ಡ್_ಇಂಜಿನಿಯರ್
ಕಂಟೇನರಿಗೆ ಊಟ ಬೇಡ, ವೀಸಾ ಬೇಡ, ಹಲ್ಲುನೋವು ಬರುವುದಿಲ್ಲ. ನಿಮಗೆ ಮೂರೂ ಬೇಕಲ್ಲ.

ಬಿಟಿಎಂ_ಸೆಕೆಂಡ್_ಸ್ಟೇಜ್
ಹನ್ನೆರಡು ಜನ ಅನ್ನೋದು ಡಾಕ್ಟರ್ ಇಲ್ಲ ಅನ್ನೋ ಕಾರಣಕ್ಕೆ. ಹನ್ನೆರಡಕ್ಕಿಂತ ಜಾಸ್ತಿ ಆದ್ರೆ ಹಡಗಲ್ಲಿ ಡಾಕ್ಟರ್ ಇಡ್ಲೇಬೇಕು, ಎಲ್ಲಾ ಟ್ರಾವೆಲ್ ವೆಬ್‌ಸೈಟಲ್ಲೂ ಹಾಗೇ ಇದೆ.

ಪಣಂಬೂರು_ಥರ್ಡ್_ಇಂಜಿನಿಯರ್
ಎಲ್ಲಾ ವೆಬ್‌ಸೈಟಲ್ಲೂ ಒಬ್ಬ ಬರೆದದ್ದನ್ನೇ ಇನ್ನೊಬ್ಬ ಹಾಕಿದ್ದು. ನಾವಿರುವುದು 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್ ಅಂತ ಹಡಗಿನ ಕೆಲಸಗಾರರ ಅಂತಾರಾಷ್ಟ್ರೀಯ ಒಪ್ಪಂದದ ಕೆಳಗೆ. ಅದರಲ್ಲಿ ನೂರು ಜನ ಅಥವಾ ಅದಕ್ಕಿಂತ ಹೆಚ್ಚು ಇದ್ದು, ಮೂರು ದಿನಕ್ಕಿಂತ ಜಾಸ್ತಿ ಅಂತಾರಾಷ್ಟ್ರೀಯ ಪ್ರಯಾಣ ಆದ್ರೆ ಡಾಕ್ಟರ್ ಬೇಕು. ನಮ್ಮಲ್ಲಿ ಇಪ್ಪತ್ತೆರಡು ಜನ. ಡಾಕ್ಟರ್ ಕೆಲಸ ಸೆಕೆಂಡ್ ಆಫೀಸರಿಂದು, ಅವನ ಹತ್ರ ಒಂದು ಔಷಧದ ಕಪಾಟು, ಒಂದು ದಪ್ಪ ಪುಸ್ತಕ, ಒಂದು ಸ್ಯಾಟಲೈಟ್ ಫೋನು. ನನ್ನ ಹೆಬ್ಬೆರಳಿಗೆ ಹೊಲಿಗೆ ಹಾಕಿದ್ದು ಅವನೇ, ಇನ್ನೂ ಸೊಟ್ಟ ಉಂಟು.

ಬಿಟಿಎಂ_ಸೆಕೆಂಡ್_ಸ್ಟೇಜ್
ಸರಿ ಬಿಡಿ, ಒಪ್ಕೊಂಡೆ. ಆದ್ರೆ ದುಡ್ಡು ಕೊಡೋದ್ಯಾಕೆ, ಹಡಗಲ್ಲಿ ಕೆಲಸ ಮಾಡ್ಕೊಂಡು ಹೋಗೋದಿಲ್ವಾ? ಪಾತ್ರೆ ತೊಳೆದು, ಪೇಂಟ್ ಹೊಡೆದು. ಹಿಂದಿನ ಕಾಲದಲ್ಲಿ ಎಷ್ಟು ಜನ ಹಾಗೆ ಹೋಗಿಲ್ಲ.

ಪಣಂಬೂರು_ಥರ್ಡ್_ಇಂಜಿನಿಯರ್
ಹಿಂದಿನ ಕಾಲದಲ್ಲಿ ಹೌದು. ಈಗ ಪಾತ್ರೆ ತೊಳೆಯುವವನಿಗೂ ಸಿಡಿಸಿ ಅಂತ ನಾವಿಕರ ಗುರುತಿನ ಪುಸ್ತಕ ಬೇಕು, ಎಸ್‌ಟಿಸಿಡಬ್ಲ್ಯೂ ಅಂತ ಹಡಗಿನ ತರಬೇತಿ ಕೋರ್ಸು ಬೇಕು, ಮೆಡಿಕಲ್ ಬೇಕು. 2004 ಜುಲೈಯಲ್ಲಿ ಐಎಸ್‌ಪಿಎಸ್ ಕೋಡ್ ಅಂತ ಹಡಗು ಬಂದರುಗಳ ಭದ್ರತೆಯ ರೂಲು ಬಂದ ಮೇಲೆ ಗೇಟು ದಾಟಿ ಹಡಗಿನ ಏಣಿ ಹತ್ರ ಹೋಗುವುದೇ ದೊಡ್ಡ ಕೆಲಸ. ಆಫೀಸರ ಹೆಂಡತಿ ಮಕ್ಕಳು ಸೂಪರ್‌ನ್ಯೂಮರರಿ, ಅಂದ್ರೆ ಹೆಚ್ಚುವರಿ ಜನ ಅಂತ ಸೈನ್ ಮಾಡಿ ಬರ್ಬಹುದು, ಕಂಪನಿ ಒಪ್ಪಿದ್ರೆ. ಅಂದ್ರೆ ನಿಮಗೆ ಇರುವ ಒಂದೇ ಸಸ್ತಾ ದಾರಿ ಹಡಗಿನವಳೊಬ್ಬಳನ್ನು ಮದುವೆ ಆಗುವುದು.

ತಮಾಷೆ ಬಿಟ್ಟು ಒಂದು ಮಾತು. "ಶಿಪ್ಪಲ್ಲಿ ಕೆಲಸ, ಲೋಕ ಸುತ್ತಬಹುದು" ಅಂತ ಹೇಳಿ ಹಣ ಕೇಳುವವರಿಗೆ ಬೀಳ್ಬೇಡಿ. ನನ್ನ ಚಿಕ್ಕಮ್ಮನ ಮಗ ಎರಡೂವರೆ ಲಕ್ಷ ಕೊಟ್ಟು ಮುಂಬೈಯಲ್ಲಿ ಲಾಡ್ಜಿನಲ್ಲಿ ಎರಡು ತಿಂಗಳು ಕೂತು ವಾಪಸ್ ಬಂದ, ಏಜೆಂಟಿನ ಫೋನು ಸ್ವಿಚ್ ಆಫ್. ನಮ್ಮ ಕೇಂದ್ರ ಸರ್ಕಾರದ ಶಿಪ್ಪಿಂಗ್ ಡಿಜಿ (ಡೈರೆಕ್ಟರ್ ಜನರಲ್) ಕೊಟ್ಟ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದ್ದವರು ಮಾತ್ರ ಹಡಗಿಗೆ ಜನ ಸೇರಿಸ್ಬಹುದು, ಅವರೂ ಕೆಲಸ ಕೊಡ್ಲಿಕ್ಕೆ ಅಂತ ಹುಡುಗರ ಹತ್ರ ದುಡ್ಡು ತಗೊಳ್ಳುವ ಹಾಗಿಲ್ಲ. ಕುಂದಾಪುರ, ಕಾರವಾರ ಕಡೆ ಹುಡುಗರು ಇದನ್ನು ಓದ್ತಾ ಇದ್ರೆ ಇಷ್ಟು ನೆನಪಿಟ್ಕೊಳ್ಳಿ.

ಅಕ್ಕನ_ತಮ್ಮ
ಸ್ಟ್ಯಾಂಡ್‌ಬೈ ಬಗ್ಗೆ ನಾನು ಹೇಳ್ತೀನಿ, ಅನುಭವಿಸಿದೀನಿ.

ನಿಮ್ಮ ರೂಮ್‌ಮೇಟ್ ಹೇಳ್ತಿರೋ ಹತ್ತು ಪರ್ಸೆಂಟ್ ಟಿಕೆಟ್ ಪಬ್ಲಿಕ್ಕಿಗಲ್ಲ. ಅದು ಏರ್‌ಲೈನ್ ಸ್ಟಾಫಿಗೆ, ಅವರ ಗಂಡ ಹೆಂಡತಿ ಅಪ್ಪ ಅಮ್ಮಂಗೆ, ಕೆಲವು ಕಡೆ ಅಣ್ಣ ತಮ್ಮಂದಿರಿಗೆ. ಐಡಿ 90 ಅಂತಾರೆ, ಅಂದ್ರೆ ತೊಂಬತ್ತು ಪರ್ಸೆಂಟ್ ಕಡಿತ. ಬೇರೆ ಕಂಪನಿ ಫ್ಲೈಟಲ್ಲಾದ್ರೆ ಜೆಡ್ ಫೇರ್ ಅಂತ ದೂರದ ಲೆಕ್ಕದಲ್ಲಿ ಇರುತ್ತೆ. ಟ್ಯಾಕ್ಸ್ ಮಾತ್ರ ಪೂರ್ತಿ ಕಟ್ಟಬೇಕು, ಲಂಡನ್‌ನಿಂದ ಹೊರಡೋ ಫ್ಲೈಟಿಗೆ ಆ ಟ್ಯಾಕ್ಸೇ ಟಿಕೆಟ್ಟಿಗಿಂತ ಜಾಸ್ತಿ.

ನಮ್ಮಕ್ಕ ಲಂಡನ್‌ನಲ್ಲಿ ಒಂದು ಏರ್‌ಲೈನಲ್ಲಿದಾಳೆ (ಹೆಸ್ರು ಬೇಡ, ಅವಳ ಅನ್ನ ಅದು). ಅವಳ ಬಾಣಂತನಕ್ಕೆ ಅಂತ ನಾನೂ ಅಮ್ಮನೂ ಸ್ಟಾಫ್ ಟಿಕೆಟಲ್ಲಿ ಹೊರಟ್ವಿ. ಅಮ್ಮ ಹಾಸನ ಬಿಟ್ಟು ಆಚೆ ಹೋಗಿದ್ದು ಧರ್ಮಸ್ಥಳ ತಿರುಪತಿ ಅಷ್ಟೇ. ನೀಟಾಗಿ ಡ್ರೆಸ್ ಮಾಡ್ಕೊಂಡು ಬನ್ನಿ, ಸ್ಟಾಫ್ ಪ್ಯಾಸೆಂಜರ್ ಚಪ್ಪಲಿ ಬರ್ಮುಡಾ ಹಾಕೋ ಹಾಗಿಲ್ಲ ಅಂತ ಅಕ್ಕ ಹೇಳಿದ್ದೇ ತಡ, ಅಮ್ಮ ಮದುವೆಗೆ ಹೋಗೋರ ಥರ ರೇಷ್ಮೆ ಸೀರೆ ಉಟ್ಟು, ಕೈಲಿ ಐದು ಕೇಜಿ ಹಿಡಿಯೋ ಸ್ಟೀಲ್ ಡಬ್ಬದಲ್ಲಿ ಚಕ್ಲಿ ತುಂಬಿಸ್ಕೊಂಡು ಬಂದ್ರು.

ಮಧ್ಯಾಹ್ನ ಅಕ್ಕ ಲೋಡ್ ನೋಡಿ ಹದಿನಾಲ್ಕು ಸೀಟ್ ಓಪನ್ ಇದೆ ಆರಾಮಾಗಿ ಹೋಗಿ ಅಂದ್ಲು. ದೇವನಹಳ್ಳಿ ತಲುಪೋ ಹೊತ್ತಿಗೆ ಆರೇ ಸೀಟು. ಇನ್ನೊಂದು ಫ್ಲೈಟ್ ಕ್ಯಾನ್ಸಲ್ ಆಗಿ ಅದರ ಜನನ್ನೆಲ್ಲ ಇದಕ್ಕೆ ಹಾಕಿದ್ರು. ಕೌಂಟರ್ ಕ್ಲೋಸ್ ಆಗೋ ತನಕ ಪಕ್ಕದಲ್ಲಿ ನಿಂತಿರಬೇಕು, ಹೆಸ್ರು ಕೂಗೋ ತನಕ ಸೂಟ್‌ಕೇಸ್ ಕೂಡ ತಗೊಳಲ್ಲ. ನಮ್ಮ ಥರ ಇನ್ನೂ ಐದು ಜನ ನಿಂತಿದ್ರು, ಎಲ್ರೂ ಒಬ್ಬರ ಮುಖ ಒಬ್ರು ನೋಡ್ಕೊಂಡು ನಗ್ತಿದ್ರೂ ಒಳಗೊಳಗೆ ಇವನು ಹೋಗದಿರ್ಲಪ್ಪ ಅಂತಾನೇ ಇರುತ್ತೆ. ಸರ್ವಿಸ್ ಜಾಸ್ತಿ ಆಗಿರೋ ಸ್ಟಾಫಿನ ಕಡೆಯವರು ಮೊದಲು ಹೋಗ್ತಾರೆ. ಕೊನೇಲಿ ಆ ಹುಡುಗಿ ಬಂದು "ಸರ್, ಒಂದೇ ಸೀಟಿದೆ, ಇಬ್ಬರಲ್ಲಿ ಯಾರು ಹೋಗ್ತೀರಾ, ಒಂದು ನಿಮಿಷದಲ್ಲಿ ಹೇಳಿ" ಅಂದ್ಲು.

ನಾನು ಇನ್ನೂ ಬಾಯಿ ತೆಗೆದಿರ್ಲಿಲ್ಲ, ಅಮ್ಮ ಪಾಸ್‌ಪೋರ್ಟ್ ಕೌಂಟರ್ ಮೇಲೆ ಇಟ್ಟಾಗಿತ್ತು.

ಇಂಗ್ಲಿಷ್ ಬರಲ್ಲ, ಯಾವತ್ತೂ ಒಬ್ರೇ ಮೆಜೆಸ್ಟಿಕ್ಕಿಂದ ಬಸ್ ಹತ್ತಿಲ್ಲ, ಹೋಗೇಬಿಟ್ರು. ನಾನು ಅದಾದ್ಮೇಲೆ ಎರಡು ರಾತ್ರಿ ಟ್ರೈ ಮಾಡಿ, ಟ್ಯಾಕ್ಸಿಗೇ ಐದಾರು ಸಾವಿರ ಸುರಿದು, ಮೂರನೇ ದಿನ ಸೀಟ್ ಸಿಕ್ಕಿ ಹೋದಾಗ ಅಮ್ಮ ಅಕ್ಕನ ಮನೆ ಬಾಗಿಲಲ್ಲಿ ನಿಂತು "ಎಷ್ಟೊತ್ತೋ ನಿಂಗೆ" ಅಂದ್ರು.

ಮೈಸೂರು_ಮಸಾಲೆ
ಅಮ್ಮ ಸೂಪರ್ರು

ಧಾರವಾಡ_ಫೇಡಾ_ಬಾಯಿ
ಒಂದ್ ನಿಮಿಷ ಯಾಕ್ ಬೇಕಿತ್ರೀ ಅವ್ರಿಗೆ. ಮಗಳ ಬಾಣಂತನ ಅಂದ್ರ ತಾಯಿ ಈಸಿಕೊಂಡ ಹೋಗ್ತಾಳ.

ಸಿಲ್ಕ್‌ಬೋರ್ಡ್_ಸಂತ
ಇಲ್ಲಿ ಎಲ್ರೂ ಸ್ಟಾಫ್ ಸ್ಟಾಫ್ ಅಂತಿದೀರಿ. ಏರ್‌ಪೋರ್ಟ್ ಕೌಂಟರಿಗೆ ಲಾಸ್ಟ್ ಮಿನಿಟಲ್ಲಿ ಹೋಗಿ ಖಾಲಿ ಸೀಟ್ ಇದ್ರೆ ಅರ್ಧ ರೇಟಿಗೆ ಕೊಡ್ತಾರೆ, ಖಾಲಿ ಹೋದ್ರೆ ಅವರಿಗೇ ಲಾಸಲ್ವಾ. ಕಾಮನ್ ಸೆನ್ಸ್. ನಮ್ಮ ಮಾವ ಹಾಗೇ ಹೋಗಿದ್ರು.

ಅಕ್ಕನ_ತಮ್ಮ
@ಸಿಲ್ಕ್‌ಬೋರ್ಡ್_ಸಂತ ನಿಮ್ಮ ಮಾವ ಯಾವ ಇಸವೀಲಿ ಹೋಗಿದ್ರು ಕೇಳಿ. ಈಗ ಕೌಂಟರಿಗೆ ಹೋದ್ರೆ ಇರೋದ್ರಲ್ಲೇ ದುಬಾರಿ ಟಿಕೆಟ್ ಕೊಡ್ತಾರೆ. ಕೊನೇ ಗಳಿಗೇಲಿ ಓಡಿ ಬರೋನು ಸಾವೋ ಬಿಸಿನೆಸ್ಸೋ ಇರೋನು, ಎಷ್ಟಾದ್ರೂ ಕೊಡ್ತಾನೆ ಅಂತ ಅವರಿಗೆ ಗೊತ್ತು. ನಿಮ್ಮ ಕಾಮನ್ ಸೆನ್ಸು ಸಂತೇಲಿ ಸಾಯಂಕಾಲದ ಟೊಮೆಟೊಗೆ ಸರಿ. ಒಂದ್ಸಲ ಕೊನೇಲಿ ಅರ್ಧಕ್ಕೆ ಕೊಟ್ರೆ ನಾಳೆಯಿಂದ ಯಾರೂ ಮುಂಚೆ ಬುಕ್ ಮಾಡಲ್ಲ.

ಸಿಲ್ಕ್‌ಬೋರ್ಡ್_ಸಂತ
ಅಮೆರಿಕದಲ್ಲಿ ಸ್ಟ್ಯಾಂಡ್‌ಬೈ ಅಂತ ಬೋರ್ಡಲ್ಲಿ ಹೆಸರು ಬರೋದು ನಾನೇ ಕಣ್ಣಾರೆ ನೋಡಿದೀನಿ. ಅದೇನು ಹಾಗಾದ್ರೆ?

ಅಕ್ಕನ_ತಮ್ಮ
ಅವರ ಹತ್ರ ಆಗಲೇ ಅದೇ ದಿನದ ಟಿಕೆಟ್ ಇರುತ್ತೆ, ಸಂಜೆದು ಬಿಟ್ಟು ಮಧ್ಯಾಹ್ನದ್ದಕ್ಕೆ ಹೋಗ್ತೀನಿ ಅಂತ ಹೆಸರು ಹಾಕಿರ್ತಾರೆ. ಜೊತೆಗೆ ಸ್ಟಾಫ್ ಹೆಸರೂ ಇರುತ್ತೆ. ದುಡ್ಡು ಉಳಿಸೋಕೆ ಬಂದೋರಲ್ಲ ಅವರು.

ಮತ್ತೆ @ಕಾಫಿತೋಟದ_ಅಲೆಮಾರಿ ನಿಮ್ಮ ರೂಮ್‌ಮೇಟಿಗೆ ಗೊತ್ತಿರೋರು "ಮಾಡಿಸಿಕೊಡ್ತೀನಿ" ಅಂದ್ರೆ ಹುಷಾರು. ಸ್ಟಾಫ್ ಪಾಸ್ ದುಡ್ಡಿಗೆ ಮಾರೋ ಹಾಗಿಲ್ಲ, ಸಿಕ್ಕಿಬಿದ್ರೆ ಅವರ ಕೆಲಸ ಹೋಗುತ್ತೆ, ನೀವು ಯಾವ್ದೋ ಊರಲ್ಲಿ ವಾಪಸ್ ಬರೋ ದಾರಿ ಇಲ್ದೆ ನಿಂತಿರ್ತೀರ.

ನಿವೃತ್ತ_ರಾಯರು
ಸಂತರ ಮಾವನವರು ಸುಳ್ಳು ಹೇಳಿರಲಿಕ್ಕಿಲ್ಲ. ಒಂದು ಕಾಲದಲ್ಲಿ ಸ್ಟ್ಯಾಂಡ್‌ಬೈ ಎಂಬುದು ಎಲ್ಲರಿಗೂ ಇತ್ತು. 1977ರ ಸೆಪ್ಟೆಂಬರಿನಲ್ಲಿ ಫ್ರೆಡ್ಡಿ ಲೇಕರ್ ಎಂಬ ಇಂಗ್ಲಿಷಿನವನು ಸ್ಕೈಟ್ರೇನ್ ಎಂದು ಲಂಡನ್ ಗ್ಯಾಟ್ವಿಕ್‌ನಿಂದ ನ್ಯೂಯಾರ್ಕಿಗೆ 59 ಪೌಂಡಿಗೆ ಟಿಕೆಟ್ ಕೊಟ್ಟ. ಮುಂಗಡ ಬುಕಿಂಗ್ ಇಲ್ಲ, ನಮ್ಮ ಸಿನಿಮಾ ಟಾಕೀಸಿನ ಹಾಗೆ ಆವತ್ತಿನ ಟಿಕೆಟ್ ಆವತ್ತೇ, ಊಟಕ್ಕೆ ಬೇರೆ ದುಡ್ಡು. ಜನ ರಸ್ತೆ ಮೇಲೆ ಮಲಗಿ ಸಾಲು ನಿಂತಿದ್ದರು. ಅವನನ್ನು ಹಿಡಿಯಲು ದೊಡ್ಡ ಕಂಪನಿಗಳೂ ಸ್ಟ್ಯಾಂಡ್‌ಬೈ ದರ ಇಳಿಸಿದವು. 1982ರ ಫೆಬ್ರುವರಿಯಲ್ಲಿ ಲೇಕರನ ಕಂಪನಿ ದಿವಾಳಿಯಾಯಿತು. ಆಮೇಲೆ ಕಂಪ್ಯೂಟರುಗಳು ಯಾವ ಸೀಟು ಯಾವ ದಿನ ಎಷ್ಟಕ್ಕೆ ಹೋಗುತ್ತದೆ ಎಂದು ಲೆಕ್ಕ ಹಾಕಲು ಕಲಿತವು, ಖಾಲಿ ಸೀಟನ್ನು ತಿಂಗಳ ಮೊದಲೇ ಅಗ್ಗಕ್ಕೆ ಮಾರಿ ಮುಗಿಸುವುದು ಶುರುವಾಯಿತು.

ನಾನು ತೊಂಬತ್ತರ ದಶಕದಲ್ಲಿ ನ್ಯೂಜೆರ್ಸಿಯಲ್ಲಿ ಕೋಡ್ ಬರೆಯುತ್ತಿದ್ದಾಗ ಇನ್ನೊಂದು ದಾರಿ ಇತ್ತು, ಏರ್ ಕೊರಿಯರ್. ಕೊರಿಯರ್ ಕಂಪನಿಗೆ ತುರ್ತಾಗಿ ಚೀಲ ಕಳಿಸಬೇಕು, ಸರಕು ಅಂತ ಕಳಿಸಿದರೆ ಕಸ್ಟಮ್ಸಿನಲ್ಲಿ ದಿನಗಟ್ಟಲೆ ಕೂರುತ್ತದೆ, ಪ್ರಯಾಣಿಕನ ಲಗೇಜು ಅಂತ ಹೋದರೆ ಬೇಗ ಬಿಡುತ್ತಾರೆ. ಆದ್ದರಿಂದ ನಿಮ್ಮ ಲಗೇಜಿನ ಹಕ್ಕನ್ನು ಅವರಿಗೆ ಕೊಡಬೇಕು, ಅವರು ನಿಮಗೆ ಅರ್ಧಕ್ಕಿಂತ ಕಡಿಮೆಗೆ ಟಿಕೆಟ್ ಕೊಡುತ್ತಾರೆ. ನಾನು ಹಾಗೆ ಹಾಂಗ್‌ಕಾಂಗಿಗೆ ಹೋಗಿ ಬಂದೆ. ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ ಜಾಕೆಟ್ ಹಾಕಿದ ಒಬ್ಬ ಬಂದು ಒಂದು ಕಂದು ಲಕೋಟೆ ಕೊಟ್ಟ, ಆ ಕಡೆ ಇಳಿದ ಮೇಲೆ ಇನ್ನೊಬ್ಬ ಬಂದು ತೆಗೆದುಕೊಂಡ. ಚೀಲಗಳನ್ನು ನಾನು ಕಣ್ಣಿಂದ ಕೂಡ ನೋಡಲಿಲ್ಲ. ಹತ್ತು ದಿನಕ್ಕೆ ಹೆಗಲ ಚೀಲದಲ್ಲಿ ಹಿಡಿದಷ್ಟೇ ಬಟ್ಟೆ. ನನ್ನ ಪತ್ನಿಗೆ ಈಗಲೂ ಆ ಲಕೋಟೆಯಲ್ಲಿ ಏನಿತ್ತು ಎಂಬ ಅನುಮಾನ ಹೋಗಿಲ್ಲ. ಈಗ ಅಂಥ ಕೆಲಸ ಇದೆ ಎಂದು ಯಾರಾದರೂ ಚೀಲ ಕೊಟ್ಟರೆ ಮುಟ್ಟಬೇಡಿ, ಕಾಲ ಕೆಟ್ಟಿದೆ.

ಬಿಟಿಎಂ_ಸೆಕೆಂಡ್_ಸ್ಟೇಜ್
ರಾಯರೇ ನೀವು ಸ್ಮಗ್ಲರ್ ಅಂತ ಗೊತ್ತಿರ್ಲಿಲ್ಲ :)

ಹುಬ್ಳಿ_ಗಿರ್ಮಿಟ್
ಹಡಗಿನ ಮಾತ ಬಂತಂತ ಹೇಳ್ತೀನ್ರಿ. ನಮ್ಮ ಅಜ್ಜನ ತಮ್ಮ ಮುಂಬೈಯಿಂದ ಮೊಂಬಾಸಾಕ್ಕ ಹಡಗಿನ್ಯಾಗ ಹೋಗಿದ್ರು, ಅರವತ್ತರ ಸುಮಾರಿಗೆ, ಡೆಕ್ ಪ್ಯಾಸೆಂಜರ್. ಚಾಪಿ ಹಾಸ್ಕೊಂಡ ಮಲಗೋದು, ಜೋಳದ ಕಟಕ ರೊಟ್ಟಿ ಶೇಂಗಾ ಚಟ್ನಿ ಗಂಟ ಕಟ್ಕೊಂಡ ಹೋಗಿದ್ರಂತ, ರೊಟ್ಟಿ ತಿಂಗಳಾದ್ರೂ ಕೆಡೂದಿಲ್ಲಲ್ರೀ. ಮೂರನೇ ದಿನ ಹೊಟ್ಟಿ ತೊಳಸಿ ಎಲ್ಲಾ ಸಮುದ್ರಕ್ಕ ಕೊಟ್ಟೆ ಅಂತಿದ್ರು. ಆವಾಗ ಬಡವ್ರು ಹಡಗಿನ್ಯಾಗ ಸಾಹುಕಾರ್ರು ವಿಮಾನದಾಗ, ಈಗ ಉಲ್ಟಾ ಆಗ್ಯದ ನೋಡ್ರಿ.

ಭಟ್ಕಳ_ಬಿರಿಯಾನಿ
ಸರಿಯಾಗಿ ಹೇಳಿದ್ರಿ. ನಮ್ಮೂರಲ್ಲಿ ಹಳಬರು ಗಲ್ಫಿಗೆ ಹೋಗಿದ್ದೇ ಹಡಗಲ್ಲಿ. ಮುಂಬೈ, ಕರಾಚಿ, ಮಸ್ಕತ್, ದುಬೈ ಅಂತ ದ್ವಾರಕಾ ಅನ್ನೋ ಬ್ರಿಟಿಷ್ ಇಂಡಿಯಾ ಕಂಪನಿ ಹಡಗು 1982ರ ತನಕ ಓಡ್ತಿತ್ತು. ಹಜ್‌ಗೆ ಮುಂಬೈಯಿಂದ ಜೆದ್ದಾಗೆ 1995ರವರೆಗೂ ಹಡಗಿತ್ತು, ನಮ್ಮ ಅಜ್ಜಿ ಹಾಗೇ ಹೋಗಿದ್ರು, ವಾಪಸ್ ಬರುವಾಗ ಖರ್ಜೂರದ ಜೊತೆ ಒಂದು ಕಂಬಳಿ ತಂದಿದ್ರು, ಈಗಲೂ ಮನೇಲಿದೆ. ಈಗ ಬೇಸಿಗೆ ರಜೆ ಟೈಮಲ್ಲಿ ಮಂಗಳೂರು ದುಬೈ ಫ್ಲೈಟ್ ರೇಟು ನೋಡಿದ್ರೆ ಆ ಹಡಗು ಇನ್ನೂ ಇರಬಾರದಿತ್ತಾ ಅನ್ಸುತ್ತೆ.

ನಿವೃತ್ತ_ರಾಯರು
ಪೂರ್ವಕ್ಕೂ ಇತ್ತು. ಮದ್ರಾಸಿನಿಂದ ಪೆನಾಂಗ್, ಸಿಂಗಾಪುರಕ್ಕೆ ಚಿದಂಬರಂ ಎಂಬ ಹಡಗು. 1985ರಲ್ಲಿ ಅದಕ್ಕೆ ಸಮುದ್ರದ ಮೇಲೆ ಬೆಂಕಿ ಬಿದ್ದು ಜನ ಸತ್ತರು, ಆ ಮಾರ್ಗ ಅಲ್ಲಿಗೆ ಮುಗಿಯಿತು.

ಸಿಲ್ಕ್‌ಬೋರ್ಡ್_ಸಂತ
ಮಾವಂಗೆ ಫೋನ್ ಮಾಡಿದೆ. 1979 ಅಂತೆ. ಲಂಡನ್‌ನಿಂದ ನ್ಯೂಯಾರ್ಕ್. ಸರಿ ನಾನು ಸುಮ್ನಾದೆ.

ಮೈಸೂರು_ಮಸಾಲೆ
ಇತಿಹಾಸ ಪಾಠ ಆಯ್ತು, ಪಾಪ ಹುಡುಗ ಎಪ್ಪತ್ತು ಸಾವಿರ ಕೈಲಿ ಹಿಡ್ಕೊಂಡು ನಿಂತಿದಾನೆ ನೋಡ್ರಪ್ಪ.

ತಂಜಾವೂರು_ಅಳಿಯ
ನಿಜವಾಗ್ಲೂ ಹಡಗಲ್ಲೇ ದೇಶ ದಾಟ್ಬೇಕು ಅಂತ ಆಸೆ ಇದ್ರೆ ಒಂದಿದೆ. ನಾಗಪಟ್ಟಣಂನಿಂದ ಶ್ರೀಲಂಕಾದ ಕಾಂಕೇಸನ್‌ತುರೈಗೆ ಫೆರ್ರಿ. 2023 ಅಕ್ಟೋಬರ್ 14ಕ್ಕೆ ಶುರು ಮಾಡಿದ್ರು, ಆಗ ಟಿಕೆಟ್ 7,670 ಇಟ್ಟಿದ್ರು, ಜನ ಬರ್ಲಿಲ್ಲ, ಮಳೆಗಾಲ ಬಂತು, ಒಂದೇ ವಾರಕ್ಕೆ ನಿಂತೋಯ್ತು. 2024 ಆಗಸ್ಟಲ್ಲಿ ಶಿವಗಂಗೈ ಅನ್ನೋ ಹಡಗು ಹಾಕಿ ಮತ್ತೆ ಬಿಟ್ರು, ಆಗ ಒಂದು ಕಡೆಗೆ ಐದು ಸಾವಿರದ ಆಸುಪಾಸು ಇತ್ತು.

ನಾನು ಹೆಂಡತಿ ಊರಿಗೆ ಹೋದಾಗ ಅಲ್ಲಿಂದ ಹಾಗೇ ಹೋಗಿದ್ದೆ. ಬೆಂಗಳೂರಿಂದ ಕಾರೈಕಾಲ್ ರೈಲು ನಾಗಪಟ್ಟಣಂ ಮೇಲೇ ಹೋಗುತ್ತೆ, ಬೆಳಗ್ಗೆ ಹತ್ತಿದ್ರೆ ರಾತ್ರಿ ಇಳೀಬೇಕು, ಬೆನ್ನು ಪುಡಿ ಆದ್ರೂ ನೂರಿನ್ನೂರು ರೂಪಾಯಲ್ಲಿ ಮುಗಿಯುತ್ತೆ. ಬಂದರಲ್ಲಿ ಏರ್‌ಪೋರ್ಟ್ ಥರಾನೇ ಸ್ಕ್ಯಾನ್, ಪಾಸ್‌ಪೋರ್ಟಿಗೆ ಸೀಲು. ಆ ಸೀಲಲ್ಲಿ ವಿಮಾನದ ಚಿತ್ರ ಇಲ್ದೆ ಹಡಗಿನ ಚಿತ್ರ ಇರುತ್ತೋ ಏನೋ ಅಂತ ಕಾದಿದ್ದೆ, ನನಗೆ ಹೊಡೆದಿದ್ದು ಇಂಕ್ ಕಮ್ಮಿಯಾಗಿ ಬರೀ ಒಂದು ಗೆರೆ ಕಾಣ್ಸುತ್ತೆ. ಒಳಗೆ ಎಸಿ ಬಸ್ ಥರ ಸೀಟು, ನಾಲ್ಕು ಗಂಟೆ. ಮೊದಲ ಒಂದು ಗಂಟೆ ಎಲ್ರೂ ಸೆಲ್ಫಿ, ಎರಡನೇ ಗಂಟೆ ಎಲ್ರ ಕೈಲೂ ವಾಂತಿ ಕವರು. ನಾನು ಇಡ್ಲಿ ತಿಂದು ಹತ್ತಿದ್ದೆ, ಆ ತಪ್ಪು ಮಾಡ್ಬೇಡಿ, ಖಾಲಿ ಹೊಟ್ಟೆಲೂ ಹೋಗ್ಬೇಡಿ, ಒಂದೆರಡು ಬಿಸ್ಕತ್ತು ಸಾಕು.

ಆ ಕಡೆ ಇಳಿದ್ರೆ ಜಾಫ್ನಾ ಇಪ್ಪತ್ತು ಕಿಲೋಮೀಟರ್ ಒಳಗೆ. ನಾನು ಹೋದಾಗ ಕಾಂಕೇಸನ್‌ತುರೈಯಿಂದ್ಲೇ ಕೊಲಂಬೊಗೆ ರೈಲಿತ್ತು. ಇಟಿಎ (ಶ್ರೀಲಂಕಾಗೆ ಹೋಗೋಕೆ ಆನ್‌ಲೈನ್ ಅನುಮತಿ) ಮುಂಚೇನೇ ಮಾಡ್ಕೊಳಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ಆ ಸಮುದ್ರ ನಂಬೋ ಹಾಗಿಲ್ಲ, ಗಾಳಿ ಎದ್ರೆ ಕ್ಯಾನ್ಸಲ್ ಮಾಡ್ತಾರೆ, ಹೊರಡೋ ಹಿಂದಿನ ದಿನ ಫೋನ್ ಮಾಡಿ ಕೇಳಿ.

ಕಾಫಿತೋಟದ_ಅಲೆಮಾರಿ
ಅಯ್ಯೋ ಇದು ನನ್ನ ತಲೆಗೇ ಬಂದಿರ್ಲಿಲ್ಲ! ಥ್ಯಾಂಕ್ಸ್ ಅಣ್ಣ. ಆದ್ರೂ ದೊಡ್ಡ ಹಡಗಿನ ಆಸೆ ಹೋಗ್ತಿಲ್ಲ…

ಕೌಲಾಲಂಪುರ_ಕನ್ನಡತಿ
ದೊಡ್ಡ ಹಡಗು ಬೇಕಾ, ಇಂಡೋನೇಷ್ಯಾಗೆ ಬನ್ನಿ. ಅಲ್ಲಿ ಪೆಲ್ನಿ ಅಂತ ಸರ್ಕಾರಿ ಹಡಗು ಕಂಪನಿ ಇದೆ, ನಮ್ಮ ಕೆಂಪು ಬಸ್ ಇದ್ದ ಹಾಗೆ ದ್ವೀಪದಿಂದ ದ್ವೀಪಕ್ಕೆ ಜನ, ಕೋಳಿ, ಫ್ರಿಜ್ಜು, ಮೋಟಾರ್ ಸೈಕಲ್ ಎಲ್ಲ ಹೊತ್ಕೊಂಡು ಹೋಗುತ್ತೆ. ಎಕಾನಮಿಲಿ ಉದ್ದಕ್ಕೆ ಹಾಸಿರೋ ಬಂಕು, ಊಟ ಟಿಕೆಟಲ್ಲೇ ಸೇರಿರುತ್ತೆ, ಅನ್ನ ಮತ್ತೆ ಒಂದು ತುಂಡು ಮೀನು, ಸಸ್ಯಾಹಾರಿ ಆದ್ರೆ ಅನ್ನ ಮತ್ತೆ ಅನ್ನ. ಎರಡು ಮೂರು ದಿನ ಸಮುದ್ರದ ಮೇಲಿರಬಹುದು, ನಿಮ್ಮ ಯುರೋಪ್ ಹಡಗಿನ ಒಂದು ದಿನದ ದುಡ್ಡು ಕೂಡ ಆಗಲ್ಲ.

ಬರೋದು ಹೇಗೆ ಅಂದ್ರೆ ಚೆನ್ನೈ ಅಥವಾ ತಿರುಚ್ಚಿಯಿಂದ ಕೌಲಾಲಂಪುರಕ್ಕೆ ಬಜೆಟ್ ಫ್ಲೈಟ್, ಮುಂಚೆ ಬುಕ್ ಮಾಡಿದ್ರೆ ಬೆಂಗಳೂರು ದೆಹಲಿ ರೇಟಲ್ಲೇ ಸಿಗುತ್ತೆ ಕೆಲವು ಸಲ. 2023 ಡಿಸೆಂಬರಿಂದ ಮಲೇಷ್ಯಾಗೆ ನಮಗೆ ಮೂವತ್ತು ದಿನ ವೀಸಾ ಬೇಡ ಅಂತ ಮಾಡಿದಾರೆ, ಹೊರಡೋ ಮುಂಚೆ ಒಂದ್ಸಲ ಚೆಕ್ ಮಾಡ್ಕೊಳಿ. ಮಲಕ್ಕಾದಿಂದ ಸುಮಾತ್ರದ ದುಮಾಯ್‌ಗೆ ಫೆರ್ರಿ ಇದೆ. ಅಂದ್ರೆ ಎರಡನೇ ದೇಶಕ್ಕೆ ಹಡಗಲ್ಲೇ. ಒಂದೇ ಮಾತು, ವಾಪಸ್ ಟಿಕೆಟ್ ಇಲ್ದೆ ಬರ್ಬೇಡಿ, ಇಮಿಗ್ರೇಷನಲ್ಲಿ "ಯಾವಾಗ ಹೋಗ್ತೀಯಾ" ಅಂತ ಕೇಳೇ ಕೇಳ್ತಾರೆ. ಹೋಗೋ ದಿನ ಗೊತ್ತಿಲ್ಲ ನಾನು ಅಲೆಮಾರಿ ಅಂದ್ರೆ ನಮ್ಮ ಪಾಸ್‌ಪೋರ್ಟಿಗೆ ಕೇಳೋರಿಲ್ಲ.

ಪಣಂಬೂರು_ಥರ್ಡ್_ಇಂಜಿನಿಯರ್
ಇದು ಸರಿ. ಕಾರ್ಗೋ ಶಿಪ್ಪಿನಲ್ಲಿ ನಮ್ಮವರಿಗೆ ಇನ್ನೊಂದು ತಾಪತ್ರಯ ಅದುವೇ. ಯುರೋಪಿನ ಷೆಂಗೆನ್ ವೀಸಾಕ್ಕೆ ಯಾವ ದಿನ ಒಳಗೆ ಬರ್ತೀರಿ ಬರೀಬೇಕು, ಹಡಗು ಆ ದಿನ ಬರ್ತದೆ ಅಂತ ಕ್ಯಾಪ್ಟನ್ನಿಗೇ ಗೊತ್ತಿರುವುದಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿ ಬಂಡುಕೋರರ ಗಲಾಟೆ ಶುರುವಾದ ಮೇಲೆ ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗುವಾಗ ಹತ್ತು ಹದಿನಾಲ್ಕು ದಿನ ಜಾಸ್ತಿ. ಅಷ್ಟು ಹೊತ್ತಿಗೆ ನಿಮ್ಮ ಹೊಸ ಕಂಪನಿಯವರು ನಿಮ್ಮ ಕುರ್ಚಿಗೆ ಬೇರೆಯವನನ್ನು ಕೂರಿಸಿರ್ತಾರೆ.

ಆಸೆ ಹೋಗ್ಲಿಲ್ಲ ಅಂದ್ರಲ್ಲ, ಅದಕ್ಕೆ ಒಂದು ಹೇಳ್ತೇನೆ. 2018ರಲ್ಲಿ ಸಿಂಗಾಪುರದಿಂದ ಹ್ಯಾಂಬರ್ಗಿಗೆ ನಮ್ಮ ಹಡಗಿನಲ್ಲಿ ಒಬ್ಬರು ಜರ್ಮನ್ ಮೇಷ್ಟ್ರು ಬಂದಿದ್ರು, ರಿಟೈರ್ಡ್, ಗಣಿತ ಹೇಳಿಕೊಡ್ತಿದ್ದವರಂತೆ. ಸಮುದ್ರ ನೋಡ್ಬೇಕು ಅಂತ ದುಡ್ಡು ಕೊಟ್ಟು ಬಂದವರ ಕ್ಯಾಬಿನ್ ಕಿಟಕಿಗೆ ಸಿಂಗಾಪುರದಲ್ಲೇ ಒಂದು ಕಂಟೇನರ್ ಅಡ್ಡ ಇಟ್ಟಾಯ್ತು. ಕಿಟಕಿ ತೆಗೆದ್ರೆ ನೀಲಿ ಕಬ್ಬಿಣದ ಬಾಗಿಲು. ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ಹೆದರಿಕೆಗೆ ಮುಳ್ಳುತಂತಿ ಸುತ್ತಿ, ರಾತ್ರಿ ದೀಪ ಆರಿಸಿ, ಯಾರೂ ಡೆಕ್ಕಿಗೆ ಹೋಗಬಾರ್ದು ಅಂದಾಗ ಅವರು ಆ ಬಾಗಿಲನ್ನೇ ನೋಡ್ತಾ ಕೂತಿದ್ರು. ಊಟ ಏಳೂವರೆ, ಹನ್ನೆರಡು, ಐದೂವರೆ, ಒಂದು ನಿಮಿಷ ಆಚೀಚೆ ಇಲ್ಲ. ಒಂದು ದಿನ ಮೆಸ್ಸಿನಲ್ಲಿ ನನ್ನ ಹತ್ರ ಕೇಳಿದ್ರು, ಕಂಟೇನರಿನ ಮೇಲೆ ನಾಲ್ಕು ಅಕ್ಷರ ಏಳು ಅಂಕಿ ಇರ್ತದಲ್ಲ, ಕೊನೇ ಅಂಕಿಗೆ ಮಾತ್ರ ಚೌಕ ಯಾಕೆ ಹಾಕ್ತೀರಿ ಅಂತ. ಅದು ಚೆಕ್ ಡಿಜಿಟ್, ಹಿಂದಿನದ್ದರಲ್ಲಿ ಏನಾದ್ರೂ ತಪ್ಪಾಗಿ ಬರೆದ್ರೆ ಗೊತ್ತಾಗ್ಲಿಕ್ಕೆ, ಹನ್ನೊಂದರಿಂದ ಭಾಗಿಸಿ ಶೇಷ ತೆಗೆಯುವ ಲೆಕ್ಕ ಅಂದೆ. ಮುಗೀತು. ಆಮೇಲೆ ಪ್ರತಿ ಬಂದರಿನಲ್ಲಿ ಕೈಯಲ್ಲಿ ಪೆನ್ಸಿಲ್ ನೋಟ್‌ಬುಕ್ಕು, ಬರುವ ಹೋಗುವ ಡಬ್ಬಗಳ ನಂಬರ್ ಬರ್ಕೊಂಡು ಕ್ಯಾಬಿನಿಗೆ ಹೋಗಿ ಲೆಕ್ಕ ಮಾಡುವುದು. ಒಂದೂ ತಪ್ಪು ಸಿಗ್ಲಿಲ್ಲ ಅಂತ ಬೇಜಾರು ಬೇರೆ. ಹ್ಯಾಂಬರ್ಗಿನಲ್ಲಿ ಇಳಿಯುವಾಗ ತಮ್ಮ ಕಿಟಕಿಯ ಡಬ್ಬದ ನಂಬರನ್ನು ಶ್ಲೋಕ ಹೇಳಿದ ಹಾಗೆ ಬಾಯಿಪಾಠ ಹೇಳಿದ್ರು.

ಧಾರವಾಡ_ಫೇಡಾ_ಬಾಯಿ
ಮೂರ್ ಲಕ್ಷ ಕೊಟ್ಟ ಲೆಕ್ಕಾ ಮಾಡ್ಲಿಕ್ಕೆ ಹೋಗ್ಯಾರ. ಮಾಸ್ತರ್ರು ಎಲ್ಲೇ ಹೋದ್ರೂ ಮಾಸ್ತರ್ರss.

ಬಿಟಿಎಂ_ಸೆಕೆಂಡ್_ಸ್ಟೇಜ್
ಇಂಜಿನಿಯರ್ರೇ, ಮಂಗಳೂರು ಹಳೇ ಬಂದರಿಂದ ಲಕ್ಷದ್ವೀಪಕ್ಕೆ ಮಂಜಿ ಅಂತ ಸರಕಿನ ದೋಣಿ ಹೋಗುತ್ತಲ್ಲ, ಅದರಲ್ಲಿ ಹೋಗ್ಬಹುದಾ? ಫಾರಿನ್ ಅಲ್ಲ, ಗೊತ್ತು.

ಪಣಂಬೂರು_ಥರ್ಡ್_ಇಂಜಿನಿಯರ್
ಮಂಜಿಯಲ್ಲಿ ತರಕಾರಿ, ಜಲ್ಲಿ, ಸಿಮೆಂಟು ಹೋಗ್ತದೆ, ನೀವು ಮೂರರಲ್ಲಿ ಯಾವುದು? ಜನ ಹೋಗ್ಲಿಕ್ಕೆ ಕೊಚ್ಚಿಯಿಂದ ಹಡಗು ಉಂಟು, ಪರ್ಮಿಟ್ ಮಾಡಿಸ್ಬೇಕು.

ಕಾಫಿತೋಟದ_ಅಲೆಮಾರಿ
ಎಲ್ರಿಗೂ ಥ್ಯಾಂಕ್ಸ್. ರೂಮ್‌ಮೇಟ್‌ನ ಪರಿಚಯದವರಿಗೆ ಫೋನ್ ಮಾಡಿ "ನನ್ನನ್ನ ಯಾವ ಸ್ಟಾಫಿಗೆ ಏನಾಗ್ಬೇಕು ಅಂತ ತೋರಿಸ್ತೀರ" ಅಂತ ಕೇಳಿದೆ, "ಭಾಮೈದ" ಅಂದು ಹದಿನೈದು ಸಾವಿರ ಅಡ್ವಾನ್ಸ್ ಕೇಳಿದ್ರು, ಫೋನ್ ಇಟ್ಟುಬಿಟ್ಟೆ. ನಾಗಪಟ್ಟಣಂ ಫೆರ್ರಿ ಬುಕ್ ಮಾಡಿದೀನಿ, ಮುಂದಿನ ಗುರುವಾರ. ಕೊಲಂಬೊದಿಂದ ಬೆಂಗಳೂರಿಗೆ ಫ್ಲೈಟ್, ಎಲ್ಲಾ ಸೇರಿ ಮೂವತ್ತೈದರಲ್ಲಿ ಮುಗಿಯೋ ಹಾಗಿದೆ. ಉಳಿದಿದ್ರಲ್ಲಿ ಪೆಲ್ನಿ ನೋಡ್ತೀನಿ, ಈ ಸಲ ಆಗ್ಲಿಲ್ಲ ಅಂದ್ರೆ ಮುಂದಿನ ಕಂಪನಿ ಬಿಟ್ಟಾಗ.

ಮೈಸೂರು_ಮಸಾಲೆ
ಇನ್ನೂ ಸೇರೇ ಇಲ್ಲ, ಆಗ್ಲೇ ಬಿಡೋ ಪ್ಲಾನಾ

ತಂಜಾವೂರು_ಅಳಿಯ
ಇಡ್ಲಿ ನೆನಪಿರ್ಲಿ.

ಧಾರವಾಡ_ಫೇಡಾ_ಬಾಯಿ
@ಅಕ್ಕನ_ತಮ್ಮ ಎಲ್ಲಾ ಹೇಳಿದ್ರಿ, ಆ ಚಕ್ಲಿ ಡಬ್ಬಿ ಏನಾತ ಹೇಳಲೇ ಇಲ್ಲಲ್ರೀ?

ಅಕ್ಕನ_ತಮ್ಮ
ಚಕ್ಲಿ ಫ್ಲೈಟಲ್ಲೇ ಅರ್ಧ ಖಾಲಿ. ಅಕ್ಕಪಕ್ಕದವರಿಗೆಲ್ಲ ಹಂಚಿದಾರೆ, ಏರ್ ಹೋಸ್ಟೆಸ್‌ಗೂ ನಾಲ್ಕು. ಡಬ್ಬ ಇನ್ನೂ ಲಂಡನ್‌ನಲ್ಲೇ ಇದೆ, ಅಕ್ಕ ಅದ್ರಲ್ಲಿ ಮಗು ಲೆಗೋ ತುಂಬಿದಾಳೆ. ಯಾರೇ ಆ ಕಡೆಯಿಂದ ಬರ್ತಾರೆ ಅಂದ್ರೂ ಅಮ್ಮ ಮೊದಲು ಕೇಳೋದು ಅದನ್ನೇ. ಇಲ್ಲಿ ಯಾರಾದ್ರೂ ಲಂಡನ್‌ನಿಂದ ಹಾಸನದ ಕಡೆ ಬರೋರಿದ್ರೆ ಒಂದು ಮೆಸೇಜ್ ಹಾಕಿ, ಖಾಲಿ ಡಬ್ಬ, ತೂಕ ಇಲ್ಲ.

ನಿವೃತ್ತ_ರಾಯರು
ಕೊರಿಯರ್ ಕೆಲಸದಲ್ಲಿ ನನಗೆ ಅನುಭವವಿದೆ. ಮಾರ್ಚಿನಲ್ಲಿ ಮಗನ ಮನೆಯಿಂದ ಬರುತ್ತಿದ್ದೇನೆ, ವಿಳಾಸ ಕಳಿಸಿ. ಲಕೋಟೆ ಬೇಡ.